ಮಳೆಗಾಲದ ಕಾಡಿನಲ್ಲಿ ಅಣಬೆಯ ಮ್ಯಾಕ್ರೋ ಫೋಟೋ: ಕ್ಯಾಮೆರಾ ಕೊನೆಗೆ ಹೊರತೆಗೆಯಿರಿ

ಜೂನ್ ಕಾಲಿಟ್ಟಿತು ಅಂದರೆ ಗೆಳೆಯರಿಂದ ಅಣಬೆಯ ಮ್ಯಾಕ್ರೋ, ಅಂದರೆ ತೀರ ಹತ್ತಿರದಿಂದ ತೆಗೆದ ಫೋಟೋಗಳು ಬರೋಕೆ ಶುರುವಾಗುತ್ತವೆ. ಜೊತೆಗೆ ಒಂದೇ ಪ್ರಶ್ನೆ: "ಲೆನ್ಸ್ ಒಳ್ಳೇದೇ ಇದೆ, ಆದ್ರೂ ಯಾಕೆ ಹೀಗೆ ಬರುತ್ತೆ?" ಫೋಟೋ ನೋಡಿದರೆ ತಪ್ಪುಗಳೂ ಅವೇ. ನಿಂತಲ್ಲಿಂದ ಬಗ್ಗಿ ಮೇಲಿನಿಂದ ತೆಗೆದಿರುತ್ತಾರೆ. ಅಣಬೆಯ ಕೊಡೆಯ (ಮೇಲಿನ ಟೊಪ್ಪಿಗೆಯ) ಅಂಚು ಮಾತ್ರ ಸ್ಪಷ್ಟ, ಉಳಿದದ್ದೆಲ್ಲ ಮಸುಕು. ಬಿಳಿ ಅಣಬೆ ಸುಟ್ಟ ಹಾಗೆ ಬೆಳ್ಳಗಾಗಿರುತ್ತದೆ. ಹಿಂದೆ ಒಂದು ಒಣಕಡ್ಡಿ ಹೊಳೆಯುತ್ತಿರುತ್ತದೆ.

ಇದು ಲೆನ್ಸಿನ ತಪ್ಪಲ್ಲ, ಕೆಲಸದ ಕ್ರಮದ ತಪ್ಪು. ಅಣಬೆ ಕಂಡ ಕೂಡಲೇ ಕ್ಯಾಮೆರಾ ತೆಗೆದು ಕ್ಲಿಕ್ ಮಾಡಿ, ಆಮೇಲೆ ಹಿನ್ನೆಲೆ, ಬೆಳಕು ಅಂತ ಯೋಚಿಸುತ್ತಾರೆ. ನಾನು ಇದನ್ನು ತಿರುಗುಮುರುಗು ಮಾಡಿದ ಮೇಲೆಯೇ ನನ್ನ ಫೋಟೋಗಳು ಸುಧಾರಿಸಿದ್ದು. ಈಗ ಅಣಬೆ ಕಂಡು ಹತ್ತು ಹದಿನೈದು ನಿಮಿಷವಾದ ಮೇಲೆ ಕ್ಯಾಮೆರಾ ಚೀಲದಿಂದ ಹೊರಗೆ ಬರುತ್ತದೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ ನೋಡಿ.

## 1. ಯಾವಾಗ, ಎಲ್ಲಿಗೆ ಹೋಗಬೇಕು

ನಾನು ಹೇಳುತ್ತಿರುವುದು ನಮ್ಮ ಮಲೆನಾಡಿನ ಮಾತು. ಆರಿದ್ರಾ, ಪುನರ್ವಸು ಮಳೆ ಜಡಿ ಹಿಡಿದು ಹೊಡೆಯುವಾಗ ಅಣಬೆ ಇರುತ್ತದೆ, ಆದರೆ ಫೋಟೋ ತೆಗೆಯೋಕಾಗಲ್ಲ. ಹನಿ ಬಿದ್ದು ಬಿದ್ದು ತೆಳು ಅಣಬೆಗಳು ಹರಿದಿರುತ್ತವೆ, ಮೇಲೆಲ್ಲ ಮಣ್ಣು ಸಿಡಿದಿರುತ್ತದೆ. ನಾಲ್ಕೈದು ದಿನ ಚೆನ್ನಾಗಿ ಸುರಿದು, ಎರಡು ದಿನ ಹೊಳವಾದಾಗ ಹೋಗಿ. ಮೋಡ ಇರಬೇಕು, ಗಾಳಿ ಇರಬಾರದು.

ಬೆಳಗ್ಗೆ ಏಳರ ಒಳಗೆ ಅಲ್ಲಿರಿ. ಕೆಲವು ಅಣಬೆಗಳ ಆಯುಸ್ಸು ಬಹಳ ಕಡಿಮೆ. ಬಿಳಿ ಬಲೆಯ ಲಂಗ ತೊಟ್ಟಂತಿರುವ ಜಾಲರಿ ಅಣಬೆ, ಅಂದರೆ ಫಾಲಸ್ ಇಂಡುಸಿಯಾಟಸ್, ಬೆಳಗ್ಗೆ ಬಲೆ ಬಿಚ್ಚಿ ಮಧ್ಯಾಹ್ನದ ಹೊತ್ತಿಗೆ ಜೋಲುಬಿದ್ದಿರುತ್ತದೆ. ಶಾಯಿ ಅಣಬೆಗಳು ಒಂದೇ ದಿನದಲ್ಲಿ ಕರಗಿ ಕಪ್ಪು ನೀರಾಗುತ್ತವೆ. "ಸಂಜೆ ಬಂದು ತೆಗೆಯೋಣ" ಅಂದರೆ ಆ ಅಣಬೆ ಸಿಗಲ್ಲ.

ಜಾಗಕ್ಕಾಗಿ ಅಭಯಾರಣ್ಯದ ಒಳಗೇ ಹೋಗಬೇಕು ಅನ್ನುವುದು ತಪ್ಪು ತಿಳಿವಳಿಕೆ. ಅನುಮತಿ ಇಲ್ಲದೆ ಅಭಯಾರಣ್ಯಕ್ಕೋ ರಾಷ್ಟ್ರೀಯ ಉದ್ಯಾನಕ್ಕೋ ನುಗ್ಗುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅಡಿಕೆ ತೋಟದ ಅಂಚು, ಸೊಪ್ಪಿನ ಬೆಟ್ಟ, ಕಾಫಿ ತೋಟದಲ್ಲಿ ಉರುಳಿಬಿದ್ದ ಮರ, ಊರಿನ ದೇವರಕಾಡಿನ ಅಂಚು ಇಷ್ಟು ಸಾಕು. ತೋಟ ಬೇರೆಯವರದಾದರೆ ಮೊದಲು ಕೇಳಿ. ಕೇಳಿದರೆ ಬೇಡ ಅನ್ನುವವರು ಕಡಿಮೆ, "ಆ ಹಲಸಿನ ದಿಮ್ಮಿ ಮೇಲೆ ತುಂಬ ಎದ್ದಿದೆ ನೋಡಿ" ಅಂತ ದಾರಿ ತೋರಿಸುವವರೇ ಜಾಸ್ತಿ.

## 2. ಚೀಲದಲ್ಲಿ ಇರಬೇಕಾದದ್ದು

ಲೆನ್ಸ್: 90ರಿಂದ 105 ಮಿ.ಮೀ. ಮ್ಯಾಕ್ರೋ ಇದ್ದರೆ ಅನುಕೂಲ. 1:1 ಅಳತೆಯಲ್ಲೂ (ಅಂದರೆ ಅಣಬೆ ಸೆನ್ಸರಿನ ಮೇಲೆ ತನ್ನ ನಿಜ ಗಾತ್ರದಲ್ಲೇ ಮೂಡುವಾಗಲೂ) ಲೆನ್ಸಿನ ಮೂತಿಗೂ ಅಣಬೆಗೂ ಸುಮಾರು 13-14 ಸೆಂ.ಮೀ. ಜಾಗ ಉಳಿಯುತ್ತದೆ. 50-60 ಮಿ.ಮೀ. ಮ್ಯಾಕ್ರೋದಲ್ಲಿ ಈ ಜಾಗ ತೀರ ಕಡಿಮೆ, ಲೆನ್ಸಿನ ನೆರಳೇ ಅಣಬೆಯ ಮೇಲೆ ಬೀಳುತ್ತದೆ. ದುಡ್ಡು ಹಾಕೋದು ಬೇಡ ಅಂದರೆ ಇರುವ 50 ಮಿ.ಮೀ. ಲೆನ್ಸಿಗೆ 25 ಮಿ.ಮೀ. ಎಕ್ಸ್‌ಟೆನ್ಷನ್ ಟ್ಯೂಬ್ (ಲೆನ್ಸಿಗೂ ಕ್ಯಾಮೆರಾಗೂ ನಡುವೆ ಕೂರುವ ಖಾಲಿ ಕೊಳವೆ) ಹಾಕಿ. ಅರ್ಧ ಅಳತೆ, ಅಂದರೆ 1:2 ಸಿಗುತ್ತದೆ. ಅಣಬೆಗೆ ಬಹಳ ಸಲ ಅಷ್ಟೇ ಸಾಕು.

ಟ್ರೈಪಾಡ್: ನೆಲಕ್ಕೆ ಮಲಗುವಂಥದ್ದು ಬೇಕು. ಎತ್ತರ ಮುಖ್ಯವೇ ಅಲ್ಲ. ಇಲ್ಲದಿದ್ದರೆ ಒಂದು ಬಟ್ಟೆ ಚೀಲಕ್ಕೆ ಎರಡು ಕೆ.ಜಿ. ರಾಗಿ ತುಂಬಿ ಬಾಯಿ ಹೊಲಿದು, ಮೇಲೊಂದು ಪ್ಲಾಸ್ಟಿಕ್ ಕವರ್ ಹಾಕಿ. ಕ್ಯಾಮೆರಾ ಅದರ ಮೇಲೆ ಗಟ್ಟಿಯಾಗಿ ಕೂರುತ್ತದೆ.

ಉಳಿದ ಸಾಮಾನು ಇಷ್ಟು: ಕೂರೋಕೆ ಗೊಬ್ಬರದ ಖಾಲಿ ಚೀಲ ಅಥವಾ ಅಡಿಕೆ ಹಾಳೆ. ಒಂದು ಕೊಡೆ. ಎ4 ಅಳತೆಯ ರಟ್ಟು, ಒಂದು ಮುಖಕ್ಕೆ ಬಿಳಿ ಹಾಳೆ, ಇನ್ನೊಂದು ಮುಖಕ್ಕೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಮುದುರಿ ಬಿಡಿಸಿ ಅಂಟಿಸಿದ್ದು. ಸಣ್ಣ ಪೇಂಟ್ ಬ್ರಷ್, ಚಿಮುಟ, ಸಣ್ಣ ಕತ್ತರಿ. ಹೊಳಪು ಇಳಿಸುವ ಪೋಲರೈಸರ್ ಫಿಲ್ಟರ್. ಒಣ ಹತ್ತಿ ಬಟ್ಟೆ ಎರಡು. ಸಣ್ಣ ಎಲ್‌ಇಡಿ ಟಾರ್ಚ್.

ಇಂಬಳಕ್ಕೆ (ಕಾಡಿನ ಜಿಗಣೆಗೆ) ಉದ್ದನೆಯ ಕಾಲುಚೀಲ ಹಾಕಿ, ಸುಣ್ಣವೋ ಹೊಗೆಸೊಪ್ಪಿನ ಪುಡಿಯೋ ಜೊತೆಗಿರಲಿ. ಇದನ್ನು ಸುಮ್ನೆ ಹೇಳುತ್ತಿಲ್ಲ. ಅರ್ಧ ಗಂಟೆ ನೆಲದಲ್ಲಿ ಕೂರಬೇಕಾದ ಕೆಲಸ ಇದು, ಇಂಬಳದ ಚಿಂತೆ ತಲೆಯಲ್ಲಿದ್ದರೆ ಯಾರೂ ನೆಲಕ್ಕೆ ಕೂರಲ್ಲ, ನಿಂತೇ ಫೋಟೋ ತೆಗೆದು ಬರುತ್ತಾರೆ. ಹತ್ತಿದ ಇಂಬಳವನ್ನು ಹಿಡಿದು ಎಳೆಯಬೇಡಿ. ಉಗುರನ್ನು ಚರ್ಮಕ್ಕೆ ಒತ್ತಿ ಅದರ ಬಾಯಿಯ ಕೆಳಗೆ ಜಾರಿಸಿದರೆ ಬಿಡುತ್ತದೆ. ಆದರೆ ಸುಣ್ಣ, ಹೊಗೆಸೊಪ್ಪು ನೆಲಕ್ಕೆ ಎರಚಬೇಡಿ, ನಿಮ್ಮ ಕಾಲಿಗೆ ಮಾತ್ರ.

## 3. ಸರಿಯಾದ ಅಣಬೆ ಆರಿಸುವುದು

ಮೊದಲು ಕಂಡದ್ದಕ್ಕೇ ಕೂರಬೇಡಿ. ಲದ್ದು ಹಿಡಿದ ಮರದ ದಿಮ್ಮಿ ಒಂದು ಸಿಕ್ಕರೆ ಅದರ ಸುತ್ತ ನಿಧಾನಕ್ಕೆ ಒಂದು ಸುತ್ತು ಬನ್ನಿ. ಕೊಡೆ ಹರಿದಿಲ್ಲದ, ಹುಳ ತಿಂದಿಲ್ಲದ, ಪಕ್ಕದಿಂದ ಕಣ್ಣಿಗೆ ಪೂರ್ತಿ ಕಾಣುವ ಅಣಬೆ ಬೇಕು. ದೊಡ್ಡದೇ ಬೇಕೆಂದಿಲ್ಲ. ಎತ್ತರದಲ್ಲಿರುವುದು ಸಿಕ್ಕರೆ ಪುಣ್ಯ. ನೆಲದಿಂದ ಒಂದು ಮೊಳ ಮೇಲೆ ದಿಮ್ಮಿಯಲ್ಲಿ ಎದ್ದಿದ್ದರೆ ಹಿನ್ನೆಲೆ ತಾನಾಗಿಯೇ ದೂರ ಹೋಗುತ್ತದೆ, ಅರ್ಧ ಕೆಲಸ ಅಲ್ಲೇ ಮುಗಿದ ಹಾಗೆ.

ಹೊಸಬರು ಬಟ್ಟಲು ಅಣಬೆ, ಅಂದರೆ ಕುಕೀನಾದಿಂದ ಶುರು ಮಾಡಿ. ಒದ್ದೆ ಕಡ್ಡಿಗಳ ಮೇಲೆ ಕಿತ್ತಳೆ, ತಿಳಿಗೆಂಪು ಬಣ್ಣದ ಪುಟ್ಟ ಬಟ್ಟಲುಗಳು. ಗಾಳಿಗೆ ಅಲ್ಲಾಡಲ್ಲ, ಬಣ್ಣ ಗಾಢ, ಬಿಳಿ ಅಣಬೆಯ ಹಾಗೆ ಎಕ್ಸ್‌ಪೋಶರ್ (ಫೋಟೋಗೆ ಬೀಳುವ ಬೆಳಕಿನ ಅಳತೆ) ಕೆಡಿಸಲ್ಲ. ಕೂದಲೆಳೆಯಂಥ ಕಾಲಿನ ಮರಾಸ್ಮಿಯಸ್ ಅಣಬೆಗಳನ್ನು ಅನುಭವವಾದ ಮೇಲೆ ಹಿಡಿಯಿರಿ.

ಕೂರುವ ಮೊದಲು ಒಂದು ಕೋಲಿನಿಂದ ಸುತ್ತಲಿನ ತರಗೆಲೆ ತಟ್ಟಿ. ಗುಳಿಮಂಡಲ ಹಾವುಗಳು ಒದ್ದೆ ತರಗೆಲೆಯಲ್ಲಿ, ಗಿಡದ ತಗ್ಗು ಕೊಂಬೆಯಲ್ಲಿ ಅಲ್ಲಾಡದೆ ಕೂತಿರುತ್ತವೆ, ಕೆಲವಕ್ಕೆ ಬಣ್ಣ ತರಗೆಲೆಯದ್ದೇ. ಕಣ್ಣಿಗೆ ಕಾಣದ ಕಡೆ ಕೈ ಹಾಕಲೇಬೇಡಿ.

## 4. ಕೂತು ನೋಡುವುದು

ಈಗ ಚೀಲ ಹಾಸಿ ಕೂರಿ. ಇನ್ನೂ ಕ್ಯಾಮೆರಾ ತೆಗೆಯಬೇಡಿ.

ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ, ಒಂದು ಕಣ್ಣು ಮುಚ್ಚಿ ಅಣಬೆಯನ್ನು ಎಲ್ಲ ಕಡೆಯಿಂದ ನೋಡಿ. ಮೇಲಿನಿಂದ ಕಂದು ಗುಂಡಿಯ ಹಾಗಿದ್ದದ್ದು ಕೆಳಗಿನಿಂದ ಬೇರೆಯೇ ಆಗುತ್ತದೆ. ಕಳೆದ ಮಳೆಗಾಲ ತೋಟದ ಅಂಚಿನಲ್ಲಿ ಒಂದು ಮರಾಸ್ಮಿಯಸ್ ಮುಂದೆ ಹೀಗೇ ಕೂತಿದ್ದೆ. ಕೊಡೆ ಬಟಾಣಿಯಷ್ಟು ಅಗಲ, ಕಾಲು ಕಪ್ಪು ದಾರದ ಹಾಗೆ. ಕೆಳಗಿನ ತೆಳು ಪದರಗಳು, ಅಂದರೆ ಗಿಲ್ಸ್, ಎಣಿಸುವಷ್ಟೇ ಇದ್ದವು, ಒಟ್ಟು ಹದಿನಾಲ್ಕು. ಎರಡು ಪದರಗಳ ನಡುವೆ ಒಂದು ನೀರಿನ ಹನಿ, ಆ ಹನಿಯ ಪಕ್ಕ ಸಾಸಿವೆಯ ಕಾಲುಭಾಗದಷ್ಟಿದ್ದ ಹುಳ ಒಂದು ನಡೆಯುತ್ತಿತ್ತು. ನಾನು ಉಸಿರು ಬಿಟ್ಟಾಗೆಲ್ಲ ಅಣಬೆ ಅಲ್ಲಾಡುತ್ತಿತ್ತು. ಅವತ್ತಿನವರೆಗೆ "ಗಾಳಿ ಇಲ್ಲದಿದ್ದರೂ ಫೋಟೋ ಯಾಕೆ ಅಲುಗುತ್ತೆ" ಅಂತ ತಲೆ ಕೆಡಿಸಿಕೊಂಡಿದ್ದೆ. ಗಾಳಿ ನನ್ನ ಮೂಗಿನಿಂದಲೇ ಬರುತ್ತಿತ್ತು. ಆಮೇಲಿಂದ ಕ್ಲಿಕ್ ಮಾಡುವಾಗ ಮುಖ ಆಚೆ ತಿರುಗಿಸುತ್ತೇನೆ.

ನೋಡಿ ಮುಗಿದ ಮೇಲೆ ಒಂದು ತೀರ್ಮಾನ ಮಾಡಿ: ಈ ಅಣಬೆಯಲ್ಲಿ ನನಗೆ ಬೇಕಾದ್ದು ಏನು? ಗಿಲ್ಸೋ, ಕಾಲಿನ ಬಳುಕೋ, ಕೊಡೆಯ ಮೇಲಿನ ಹನಿಯೋ? ಉತ್ತರ ಸಿಕ್ಕರೆ ಕ್ಯಾಮೆರಾ ಎಲ್ಲಿ ಕೂರಬೇಕು ಅನ್ನುವುದೂ ಗೊತ್ತಾಗುತ್ತದೆ. ಗಿಲ್ಸ್ ಬೇಕೆಂದರೆ ಕೊಡೆಯ ಅಂಚಿಗಿಂತ ಸ್ವಲ್ಪ ಕೆಳಗೆ. ಇಡೀ ಅಣಬೆಯ ಆಕಾರ ಬೇಕೆಂದರೆ ಅಂಚಿನ ಸಮಕ್ಕೆ.

## 5. ಹಿನ್ನೆಲೆ ಮತ್ತು ಸ್ವಚ್ಛಗೊಳಿಸುವುದು

ಜಾಸ್ತಿ ಜನ ಬಿಟ್ಟುಬಿಡುವ ಹಂತ ಇದು. ನನ್ನ ಮಟ್ಟಿಗೆ ಫೋಟೋ ನಿಲ್ಲುವುದೋ ಬೀಳುವುದೋ ಇಲ್ಲೇ ಗೊತ್ತಾಗುತ್ತದೆ.

ಮೊದಲು ಹಿಂದಕ್ಕೆ ನೋಡಿ. ಅಣಬೆಯ ಹಿಂದೆ ಒಂದು ಮಾರು ದೂರದವರೆಗೆ ಏನೂ ಅಡ್ಡ ಬರದ ಕೋನ ಹುಡುಕಿ. ತಲೆ ಎರಡು ಬೆರಳಿನಷ್ಟು ಆಚೀಚೆ ಸರಿಸಿದರೂ ಹಿನ್ನೆಲೆ ಪೂರ್ತಿ ಬದಲಾಗುತ್ತದೆ. ಎಲೆಗಳ ಸಂದಿಯಿಂದ ಆಕಾಶ ಕಾಣುತ್ತಿದ್ದರೆ ಅದು ಫೋಟೋದಲ್ಲಿ ಬಿಳಿ ಚುಕ್ಕೆಗಳಾಗಿ ಬರುತ್ತದೆ, ಕಣ್ಣು ಅಲ್ಲಿಗೇ ಹೋಗುತ್ತದೆ. ಸರಿಯಲು ಜಾಗವಿಲ್ಲದಿದ್ದರೆ ಹಿಂದೆ ಕೊಡೆ ಬಿಚ್ಚಿ ಇಡಿ, ಆಕಾಶ ಮುಚ್ಚುತ್ತದೆ.

ಆಮೇಲೆ ಅಡ್ಡ ಇರುವ ಒಣ ಕಡ್ಡಿ, ತಿಳಿ ಬಣ್ಣದ ಎಲೆ ಎತ್ತಿ ಪಕ್ಕಕ್ಕಿಡಿ. ಹುಲ್ಲಿನ ಎಸಳಿದ್ದರೆ ಕೀಳಬೇಡಿ. ಕಿತ್ತರೆ ಬೇರಿನ ಜೊತೆ ಮಣ್ಣು ಎದ್ದು ಅಣಬೆಯೇ ವಾಲುತ್ತದೆ. ಬಗ್ಗಿಸಿ ಒಂದು ಕಡ್ಡಿಯ ಕೆಳಗೆ ಸಿಕ್ಕಿಸಿ, ತೀರ ಬೇಕಾದರೆ ಕತ್ತರಿಸಿ. ಕೊಡೆಯ ಮೇಲಿನ ಮಣ್ಣಿನ ಕಣವನ್ನು ಒದ್ದೆ ಬ್ರಷ್‌ನಿಂದ ಮುಟ್ಟಿ ಎತ್ತಬೇಕು, ಉಜ್ಜಬಾರದು. ಕೆಲವು ಅಣಬೆಗಳಿಗೆ ಬೆರಳು ತಾಗಿದರೂ ಕಲೆಯಾಗುತ್ತದೆ.

ಎಷ್ಟು ಸ್ವಚ್ಛ ಮಾಡಬೇಕು? ಹಾಸಿದ ಪಾಚಿ, ಬಿದ್ದ ಎಲೆ ಇವು ಅಣಬೆಯ ಮನೆ. ಕಣ್ಣು ಸೆಳೆಯುವ ಕಸ ಮಾತ್ರ ತೆಗೆಯಿರಿ. ಪಾಚಿ ಬೇರೆ ಕಡೆಯಿಂದ ಕಿತ್ತು ತಂದು ಅಣಬೆಯ ಬುಡಕ್ಕೆ ಹಾಸುವವರಿದ್ದಾರೆ, ಅಣಬೆಯನ್ನೇ ಕಿತ್ತು ಚೆಂದದ ಜಾಗದಲ್ಲಿ ನೆಡುವವರೂ ಇದ್ದಾರೆ. ದಯವಿಟ್ಟು ಮಾಡಬೇಡಿ. ಮಣ್ಣಿನೊಳಗೆ, ಮರದೊಳಗೆ ಹಬ್ಬಿದ ನೂಲಿನಂಥ ಜಾಲವೇ ನಿಜವಾದ ಜೀವಿ. ನಮಗೆ ಕಾಣುವ ಅಣಬೆ ಅದು ಬೀಜಕಣ ಹರಡೋಕೆ ಕಳಿಸಿದ ಕಾಯಿ ಇದ್ದ ಹಾಗೆ. ಬೀಜಕಣ ಬಿಡುವ ಮೊದಲೇ ಕಿತ್ತರೆ ಅದರ ಕೆಲಸವೇ ಕೆಟ್ಟಿತು.

## 6. ಬೆಳಕು

ಮೋಡದ ಬೆಳಕು ಮೇಲಿನಿಂದ ಬೀಳುತ್ತದೆ. ಕೊಡೆಯ ಮೇಲ್ಭಾಗ ಬೆಳ್ಳಗೆ, ಕೆಳಭಾಗ ಕತ್ತಲೆ. ನಿಮ್ಮ ರಟ್ಟಿನ ಬಿಳಿ ಮುಖವನ್ನು ಅಣಬೆಯ ಮುಂದೆ, ಚೌಕಟ್ಟಿಗೆ ಬೀಳದ ಹಾಗೆ ನೆಲದ ಮೇಲೆ ಓರೆಯಾಗಿ ಹಿಡಿಯಿರಿ. ಗಿಲ್ಸ್ ಒಂದೊಂದಾಗಿ ಕಣ್ಣು ಬಿಡುತ್ತವೆ. ಸಾಲದಿದ್ದರೆ ಫಾಯಿಲ್ ಮುಖ. ಕನ್ನಡಿ ಬೇಡ, ಅದರ ಬೆಳಕು ಚೂಪಾಗಿ ಒಂದೇ ಕಡೆ ಹೊಡೆಯುತ್ತದೆ.

ಎಲೆಗಳ ನಡುವಿಂದ ಬಿಸಿಲಿನ ಚುಕ್ಕೆ ಬಿದ್ದಿದ್ದರೆ ಕೊಡೆ ಹಿಡಿದು ನೆರಳು ಮಾಡಿ. ಟಾರ್ಚನ್ನು ನೇರ ಮುಂದಿನಿಂದ ಬಿಡಬೇಡಿ. ಹಿಂದಿನಿಂದ ಸ್ವಲ್ಪ ಪಕ್ಕಕ್ಕೆ, ಬಿಳಿ ಕರವಸ್ತ್ರ ಸುತ್ತಿ ಹಿಡಿದರೆ ತೆಳು ಕೊಡೆಯೊಳಗೆ ದೀಪ ಹಚ್ಚಿದ ಹಾಗಾಗುತ್ತದೆ.

ಒದ್ದೆ ಅಣಬೆ, ಒದ್ದೆ ಎಲೆ ಎರಡೂ ಹೊಳೆದು ಬಣ್ಣ ತಿನ್ನುತ್ತವೆ. ಪೋಲರೈಸರ್ ತಿರುಗಿಸಿ ಆ ಹೊಳಪು ಇಳಿಸಿ. ಅದು ಒಂದೂವರೆಯಿಂದ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕಿಳಿಯುವುದು) ಬೆಳಕು ತಿನ್ನುತ್ತದೆ ಅನ್ನುವುದು ನೆನಪಿರಲಿ.

## 7. ಈಗ ಕ್ಯಾಮೆರಾ

ಎಸಿ ಕಾರಿನಿಂದ ಇಳಿದು ಬಂದಿದ್ದರೆ ಲೆನ್ಸ್ ತಣ್ಣಗಿರುತ್ತದೆ. ಕಾಡಿನ ತೇವದ ಗಾಳಿ ತಾಗಿದ ಕೂಡಲೇ ಮಂಜು ಕಟ್ಟುತ್ತದೆ. ಇಷ್ಟು ಹೊತ್ತು ಕ್ಯಾಮೆರಾ ಮುಚ್ಚಿದ ಚೀಲದಲ್ಲೇ ಇದ್ದದ್ದರಿಂದ ಅದು ಹೊರಗಿನ ಶಾಖಕ್ಕೆ ಬಂದಿರುತ್ತದೆ. ಕ್ಯಾಮೆರಾ ಕೊನೆಗೆ ಅನ್ನುವುದಕ್ಕೆ ಇದೂ ಒಂದು ಕಾರಣ. ಮಂಜು ಕಟ್ಟಿದರೆ ಒರೆಸುತ್ತಾ ಕೂರಬೇಡಿ, ಕಾಯಿರಿ.

ಟ್ರೈಪಾಡ್ ಕಾಲುಗಳನ್ನು ಒತ್ತಿ ನೆಲಕ್ಕೆ ನಾಟಿಸಿ. ತರಗೆಲೆಯ ಮೇಲಿಟ್ಟರೆ ಸ್ಪಂಜಿನ ಮೇಲಿಟ್ಟ ಹಾಗೆ, ನೀವು ಮಂಡಿ ಕದಲಿಸಿದರೂ ಕ್ಯಾಮೆರಾ ಅಲ್ಲಾಡುತ್ತದೆ. ಲೆನ್ಸಿನ ಸ್ಟೆಬಿಲೈಸೇಶನ್ (ಕೈ ನಡುಕ ಸರಿಪಡಿಸುವ ವ್ಯವಸ್ಥೆ) ಆಫ್ ಮಾಡಿ. 2 ಸೆಕೆಂಡ್ ಟೈಮರ್ ಹಾಕಿ. ರಾ ಫೈಲಿನಲ್ಲೇ (ಕ್ಯಾಮೆರಾ ತಿದ್ದದ ಮೂಲ ಫೈಲಿನಲ್ಲಿ) ತೆಗೆಯಿರಿ, ಏಕೆಂದರೆ ಮರಗಳ ಕೆಳಗಿನ ಬೆಳಕು ಹಸಿರಾಗಿರುತ್ತದೆ, ಬಣ್ಣವನ್ನು ಆಮೇಲೆ ಸರಿಮಾಡಲೇಬೇಕಾಗುತ್ತದೆ. ರಟ್ಟಿನ ಬಿಳಿ ಮುಖವನ್ನು ಅಣಬೆಯ ಪಕ್ಕ ಇಟ್ಟು ಒಂದು ಫೋಟೋ ತೆಗೆದುಕೊಂಡರೆ ಆಗ ಅದು ಅಳತೆಗೋಲು.

## 8. ಫೋಕಸ್ ಮತ್ತು ಅಪರ್ಚರ್

ಆಟೋಫೋಕಸ್ ಬಿಡಿ. ಲೈವ್ ವ್ಯೂ ಹಾಕಿ, ಪರದೆಯ ಮೇಲೆ ಚಿತ್ರ ಹಿಗ್ಗಿಸಿ, ಕೈಯಿಂದ ಫೋಕಸ್ ಮಾಡಿ. ನಿಮಗೆ ಹತ್ತಿರದಲ್ಲಿರುವ ಕೊಡೆಯ ಅಂಚು ಮತ್ತು ಅದರ ಕೆಳಗಿನ ಗಿಲ್ಸ್ ಸ್ಪಷ್ಟವಾಗಿರಬೇಕು. ಕಾಲು ಸ್ಪಷ್ಟವಾಗಿ ಮುಂದಿನ ಅಂಚು ಮಸುಕಾದರೆ ಆ ಫೋಟೋ ಉಳಿಯಲ್ಲ.

ಇಲ್ಲಿ ಒಂದು ಲೆಕ್ಕ ತಿಳಿದಿರಬೇಕು. ಅಪರ್ಚರ್ ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ. ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು, ಸ್ಪಷ್ಟವಾಗುವ ಆಳ ಜಾಸ್ತಿ. ಫುಲ್ ಫ್ರೇಮ್ (35 ಮಿ.ಮೀ. ಫಿಲ್ಮಿನಷ್ಟು ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 1:1 ಅಳತೆಗೆ ಎಫ್ 8 ಇಟ್ಟರೆ ಸ್ಪಷ್ಟವಾಗಿ ಬರುವ ಆಳ ಸುಮಾರು 1 ಮಿ.ಮೀ. ಅಷ್ಟೇ. 1:2ಕ್ಕೆ ಸುಮಾರು 3 ಮಿ.ಮೀ. 1:4ಕ್ಕೆ 1 ಸೆಂ.ಮೀ. ಹತ್ತಿರ. ಅಂದರೆ ಸ್ವಲ್ಪ ಹಿಂದೆ ಸರಿದರೆ ಆಳ ಎಷ್ಟೋ ಪಟ್ಟು ಸಿಗುತ್ತದೆ. ಹತ್ತಿರ ಹೋದಷ್ಟೂ ಒಳ್ಳೆಯದು ಅನ್ನುವ ಹಟವೇ ಬಹಳ ಫೋಟೋಗಳನ್ನು ಕೆಡಿಸುತ್ತದೆ.

"ಹಾಗಾದ್ರೆ ಎಫ್ 22 ಇಡ್ತೀನಿ" ಅಂತೀರಾ? ಬೇಡ. ಮ್ಯಾಕ್ರೋದಲ್ಲಿ 1:1ಕ್ಕೆ ಹೋದಾಗ ಎಫ್ 8 ಅನ್ನುವುದು ಎಫ್ 16ರಂತೆ ವರ್ತಿಸುತ್ತದೆ. ಎಫ್ 22 ಇಟ್ಟರೆ ಡಿಫ್ರಾಕ್ಷನ್‌ನಿಂದ (ಸಣ್ಣ ಕಿಂಡಿಯಲ್ಲಿ ಬೆಳಕು ಹರಡುವುದರಿಂದ) ಇಡೀ ಚಿತ್ರವೇ ಮೆತ್ತಗಾಗುತ್ತದೆ. ಒಂದೇ ಫೋಟೋ ತೆಗೆಯುವುದಾದರೆ ಎಫ್ 8ರಿಂದ 11ರೊಳಗೆ ಇರಿ.

## 9. ಎಕ್ಸ್‌ಪೋಶರ್

ಐಎಸ್‌ಒ (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟ) 100 ಅಥವಾ 200. ಶಟರ್ ಅರ್ಧ ಸೆಕೆಂಡೋ ಎರಡು ಸೆಕೆಂಡೋ ಆಗಬಹುದು, ಟ್ರೈಪಾಡ್ ಇದೆಯಲ್ಲ, ಹೆದರಬೇಡಿ. ಗಾಳಿ ಬಂದರೆ ಕಾಯಿರಿ. ಗಾಳಿ ನಿಲ್ಲಲೇ ಇಲ್ಲ ಅಂದರೆ ಮಾತ್ರ ಐಎಸ್‌ಒ ಏರಿಸಿ.

ಕತ್ತಲೆ ಹಿನ್ನೆಲೆಯಲ್ಲಿ ಬಿಳಿ ಅಣಬೆ ಇದ್ದರೆ ಕ್ಯಾಮೆರಾ ಕತ್ತಲೆಯನ್ನು ನೋಡಿ ಬೆಳಕು ಜಾಸ್ತಿ ಮಾಡುತ್ತದೆ, ಅಣಬೆ ಸುಟ್ಟುಹೋಗುತ್ತದೆ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಮೈನಸ್ ಒಂದರಿಂದ ಶುರು ಮಾಡಿ. ಹೈಲೈಟ್ ಎಚ್ಚರಿಕೆ (ಸುಟ್ಟ ಭಾಗವನ್ನು ಪರದೆಯಲ್ಲಿ ಮಿಣುಕಿಸಿ ತೋರಿಸುವ ಸೆಟ್ಟಿಂಗ್) ಆನ್ ಮಾಡಿಟ್ಟುಕೊಂಡು, ಕೊಡೆಯ ಮೇಲೆ ಮಿಣುಕುವುದು ನಿಲ್ಲುವವರೆಗೆ ಇಳಿಸಿ.

## 10. ಫೋಕಸ್ ಸ್ಟ್ಯಾಕಿಂಗ್

ಇಡೀ ಅಣಬೆ ಸ್ಪಷ್ಟವಾಗಿ, ಹಿನ್ನೆಲೆ ಮಾತ್ರ ಕರಗಿದ ಹಾಗೆ ಬೇಕಾದರೆ ಇದೊಂದೇ ದಾರಿ. ಒಂದೇ ಜಾಗದಿಂದ ಫೋಕಸ್ ಸ್ವಲ್ಪ ಸ್ವಲ್ಪ ಹಿಂದೆ ಸರಿಸುತ್ತಾ ಹಲವು ಫೋಟೋ ತೆಗೆದು, ಆಮೇಲೆ ಸೇರಿಸುವುದು.

ಎಫ್ 5.6 ಇಡಿ. 1:2 ಅಳತೆಯಲ್ಲಿ ಒಂದು ಫೋಟೋದ ಆಳ ಸುಮಾರು 2 ಮಿ.ಮೀ. ಒಂದರ ಮೇಲೊಂದು ಮೂರನೇ ಒಂದು ಭಾಗ ಹತ್ತಿಕೊಳ್ಳಬೇಕು. 2 ಸೆಂ.ಮೀ. ಅಗಲದ ಕೊಡೆಗೆ ಹದಿನೈದರಿಂದ ಇಪ್ಪತ್ತು ಫೋಟೋ ಆಗುತ್ತವೆ. ಹತ್ತಿರದ ಅಂಚಿಗಿಂತ ಒಂದು ಹೆಜ್ಜೆ ಮುಂದಿನಿಂದ ಶುರು ಮಾಡಿ, ಹಿಂದಿನ ಅಂಚು ದಾಟಿ ಒಂದು ಹೆಜ್ಜೆಯಾದ ಮೇಲೆ ನಿಲ್ಲಿಸಿ. ನಿಮ್ಮ ಕ್ಯಾಮೆರಾದಲ್ಲಿ ಫೋಕಸ್ ಬ್ರಾಕೆಟಿಂಗ್ ಅಥವಾ ಫೋಕಸ್ ಶಿಫ್ಟ್ ಇದ್ದರೆ ಈ ಕೆಲಸ ಅದೇ ಮಾಡುತ್ತದೆ.

ಶುರುವಿನಲ್ಲಿ ಮತ್ತು ಕೊನೆಯಲ್ಲಿ ಲೆನ್ಸಿನ ಮುಂದೆ ಕೈ ಹಿಡಿದು ಒಂದೊಂದು ಫೋಟೋ ತೆಗೆಯಿರಿ. ಮನೆಯಲ್ಲಿ ಇನ್ನೂರು ಫೈಲುಗಳ ನಡುವೆ ಯಾವುದು ಯಾವ ಗುಂಪಿನದ್ದು ಅಂತ ಹುಡುಕುವಾಗ ಇದರ ಬೆಲೆ ಗೊತ್ತಾಗುತ್ತದೆ.

ಸ್ಟ್ಯಾಕ್ ಕೆಡುವ ಲಕ್ಷಣಗಳು ಹೀಗಿರುತ್ತವೆ. ಕೊಡೆಯ ಮೇಲೆ ಅಡ್ಡ ಅಡ್ಡ ಮಸುಕು ಪಟ್ಟಿ ಬಂದರೆ ಹೆಜ್ಜೆ ದೊಡ್ಡದಾಯಿತು ಅಂತ. ಅಂಚಿನ ಸುತ್ತ ಎರಡೆರಡು ಗೆರೆ ಬಂದರೆ ನಡುವೆ ಅಣಬೆ ಅಲ್ಲಾಡಿದೆ. ಬಣ್ಣ ಪಟ್ಟೆ ಪಟ್ಟೆಯಾಗಿದ್ದರೆ ಎಕ್ಸ್‌ಪೋಶರ್ ಅಥವಾ ವೈಟ್ ಬ್ಯಾಲೆನ್ಸ್ (ಬಣ್ಣ ಹೊಂದಿಸುವ ಸೆಟ್ಟಿಂಗ್) ಆಟೋದಲ್ಲಿ ಉಳಿದಿದೆ. ಒಂದು ಹುಳ ನಡೆದು ಹೋದರೆ ಅದು ಐದಾರು ಹುಳವಾಗಿ ಬರುತ್ತದೆ. ನಡುವೆ ಒಂದು ಹನಿ ಬಿದ್ದರೂ ನಿಲ್ಲಿಸಿ ಮೊದಲಿನಿಂದ ಶುರು ಮಾಡಿ.

ಸೇರಿಸಲು ಫೋಟೋಶಾಪ್ ಸಾಕು. ಎಲ್ಲ ಫೋಟೋಗಳನ್ನು ಲೇಯರ್ ಮಾಡಿ ಮೊದಲು ಆಟೋ ಅಲೈನ್, ಆಮೇಲೆ ಆಟೋ ಬ್ಲೆಂಡ್. ಅಂಚಿನಲ್ಲಿ ಕೂದಲಿರುವ ಕುಕೀನಾದಂಥವಕ್ಕೆ ಜೆರೀನ್ ಸ್ಟ್ಯಾಕರ್ ಅನ್ನುವ ಸಾಫ್ಟ್‌ವೇರಿನ ಪಿಮ್ಯಾಕ್ಸ್ ವಿಧಾನ ಚೆನ್ನಾಗಿ ಕೆಲಸ ಮಾಡುತ್ತದೆ, ನುಣುಪು ಕೊಡೆಗೆ ಡಿಮ್ಯಾಪ್.

## 11. ಮೊಬೈಲ್ ಮಾತ್ರ ಇದ್ದವರಿಗೆ

ಮೊದಲ ಆರು ಹಂತ ನಿಮಗೂ ಅವೇ. ಆಮೇಲೆ ಫೋನನ್ನು ತಲೆಕೆಳಗು ಮಾಡಿ. ಲೆನ್ಸು ನೆಲಕ್ಕೆ ಹತ್ತಿರ ಬರುತ್ತದೆ, ಅಣಬೆಯ ಕೆಳಗಿನಿಂದ ನೋಡಬಹುದು. ಕಡಿಮೆ ಬೆಲೆಯ ಫೋನುಗಳ 2 ಮೆಗಾಪಿಕ್ಸೆಲ್ ಮ್ಯಾಕ್ರೋ ಬಳಸಬೇಡಿ, ಮುಖ್ಯ ಕ್ಯಾಮೆರಾದಲ್ಲಿ ಒಂದು ಗೇಣು ದೂರದಿಂದ ತೆಗೆದು ಆಮೇಲೆ ಕತ್ತರಿಸಿಕೊಂಡರೆ ಅದಕ್ಕಿಂತ ಚೆನ್ನಾಗಿರುತ್ತದೆ. ಪರದೆ ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಬೆಳಕು ಸ್ವಲ್ಪ ಇಳಿಸಿ, ಫೋನನ್ನು ರಾಗಿ ಚೀಲಕ್ಕೆ ಒರಗಿಸಿ ಟೈಮರ್ ಹಾಕಿ. ಫ್ಲಾಶ್ ಮಾತ್ರ ಬೇಡವೇ ಬೇಡ.

## 12. ಎದ್ದು ಹೊರಡಬೇಕಾದ ಸೂಚನೆಗಳು

ಗಾಳಿ ಜೋರಾಗಿ ಒಣ ಕೊಂಬೆ ಮುರಿಯುವ ಸದ್ದು ಬಂದರೆ ಫೋಟೋ ಅರ್ಧವಾಗಿದ್ದರೂ ಎದ್ದುಬಿಡಿ. ಆನೆ ಓಡಾಡುವ ಸೀಮೆಯಲ್ಲಿ ಹಸಿ ಲದ್ದಿ, ಆಗಷ್ಟೇ ಮುರಿದ ಬಿದಿರು ಕಂಡರೂ ಅಷ್ಟೇ. ಹಳ್ಳದ ಪಕ್ಕ ಕೂತಿದ್ದು ನೀರಿನ ಬಣ್ಣ ಕೆಂಪಾಗುತ್ತಿದ್ದರೆ ಮೇಲೆಲ್ಲೋ ಜೋರು ಮಳೆಯಾಗಿದೆ, ತಕ್ಷಣ ಮೇಲಕ್ಕೆ ಹತ್ತಿ. ಒಬ್ಬರೇ ಹೋಗುವುದಾದರೆ ಯಾವ ಕಡೆ, ಎಷ್ಟು ಹೊತ್ತಿಗೆ ವಾಪಸು ಅಂತ ಮನೆಯಲ್ಲಿ ಹೇಳಿರಿ, ಕಾಡಿನಲ್ಲಿ ನೆಟ್‌ವರ್ಕ್ ನಂಬುವಂಥದ್ದಲ್ಲ.

ಇನ್ನೊಂದು ಮಾತು. ಫೋಟೋಗೆ ಸಿಕ್ಕ ಅಣಬೆಯನ್ನು ಸಾರಿಗೆ ಅಂತ ಮನೆಗೆ ತರಬೇಡಿ. ಮುಟ್ಟಿದರೆ ವಿಷ ಏರಲ್ಲ, ತಿಂದರೆ ಜೀವಕ್ಕೇ ಅಪಾಯವಾಗುವಂಥವು ನಮ್ಮ ಕಾಡಿನಲ್ಲೂ ಇವೆ. ಫೋಟೋ ನೋಡಿ "ಇದು ತಿನ್ನಬಹುದು" ಅನ್ನುವವರ ಮಾತು ಕೇಳಬೇಡಿ. ಕೈ ತೊಳೆದೇ ಬುತ್ತಿ ಬಿಚ್ಚಿ.

ಹೊರಡುವಾಗ ಸರಿಸಿದ ಎಲೆ, ಕಡ್ಡಿ ಇದ್ದಲ್ಲೇ ಇಡಿ. ಬಗ್ಗಿಸಿದ ಹುಲ್ಲು ಬಿಡಿಸಿ.

## 13. ಮನೆಗೆ ಬಂದ ಮೇಲೆ

ನನ್ನ ಮೊದಲ ಮ್ಯಾಕ್ರೋ ಲೆನ್ಸ್ ಹಾಳಾದದ್ದು ಕಾಡಿನಲ್ಲಲ್ಲ, ಮನೆಯಲ್ಲಿ. ಸುಸ್ತಾಗಿ ಬಂದು ಒದ್ದೆ ಚೀಲದಲ್ಲೇ ಬಿಟ್ಟು ಜಿಪ್ ಎಳೆದಿದ್ದೆ. ಒಂದು ವಾರವಲ್ಲ, ಇಡೀ ಆಷಾಢ. ತೆಗೆದು ಬೆಳಕಿಗೆ ಹಿಡಿದಾಗ ಗಾಜಿನೊಳಗೆ ಜೇಡರ ಬಲೆಯ ಹಾಗೆ ಬೂಷ್ಟು ಹಬ್ಬಿತ್ತು. ಅಣಬೆಯ ನೆಂಟನೇ ಅದು, ತೇವ ಮತ್ತು ಕತ್ತಲೆ ಸಿಕ್ಕರೆ ಸಾಕು.

ಬಂದ ಕೂಡಲೇ ಕ್ಯಾಮೆರಾ, ಲೆನ್ಸ್ ಹೊರಗೆ ತೆಗೆದು ಒಣ ಬಟ್ಟೆಯಿಂದ ಒರೆಸಿ, ಫ್ಯಾನಿನ ಕೆಳಗೆ ಎರಡು ಗಂಟೆ ಇಡಿ. ಒಲೆಯ ಪಕ್ಕ, ಬಿಸಿಲಿಗೆ ಬೇಡ. ಚೀಲವನ್ನು ಬೇರೆಯೇ ಒಣಗಿಸಿ. ಆಮೇಲೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆಗಿಡಿ. ಒಳಗೊಂದು ಸಣ್ಣ ತೇವಮಾಪಕ ಇಟ್ಟು, ಮುಳ್ಳು 40ರಿಂದ 50 ಶೇಕಡಾ ನಡುವೆ ಇದೆಯೇ ಅಂತ ವಾರಕ್ಕೊಮ್ಮೆ ನೋಡಿ. 60 ದಾಟಿದರೆ ಜೆಲ್ ಬದಲಾಯಿಸಿ. ಬಣ್ಣ ಬದಲಾಗುವ ಜೆಲ್ ತಂದರೆ ಯಾವಾಗ ಬಿಸಿ ಮಾಡಿ ಒಣಗಿಸಬೇಕು ಅಂತ ಅದೇ ತೋರಿಸುತ್ತದೆ.